ಅರ್ಜಿಗೆ ಮೊದಲು ನಂಬರ್ ಕೊಡಿ, ಆಮೇಲೆ ಸುಧಾರಣೆ ಮಾತಾಡಿ

ರಾಗಿಗೆ ಕುಂಟೆ ಹೊಡೆದು ಎರಡು ದಿನ ಬಿಡುವು ಸಿಕ್ಕಿದೆ. ಇವತ್ತು ಬೆಳೆ ವಿಷಯ ಬಿಟ್ಟು ತಾಲ್ಲೂಕು ಕಚೇರಿ ವಿಷಯ ಬರೀತಿದ್ದೀನಿ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

"ಎಲ್ಲಾ ಆನ್‌ಲೈನ್ ಆಗಿದೆ, ಇನ್ನೇನು ಬೇಕು ನಿಮಗೆ?" ಅಂತ ಕೇಳೋರು ಇದ್ದಾರೆ. ಆಗಿರೋದನ್ನ ಇಲ್ಲ ಅನ್ನೋಕಾಗಲ್ಲ. ಮೊದಲು ಪಹಣಿ ಕೈಬರಹದಲ್ಲಿ ವಿಲೇಜ್ ಅಕೌಂಟೆಂಟ್ ಹತ್ರ ಇರ್ತಿತ್ತು. ಅವರನ್ನ ಹುಡುಕಿಕೊಂಡು ಎಷ್ಟು ಅಲೀಬೇಕಿತ್ತು ಅನ್ನೋದು ನನ್ನ ವಯಸ್ಸಿನವರಿಗೆಲ್ಲ ಗೊತ್ತು. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂತು. ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಹೋದವು. ಕೈಬರಹದ ಪಹಣಿ ನಡೆಯಲ್ಲ ಅಂತ ಸರ್ಕಾರ ಗಟ್ಟಿಯಾಗಿ ಹೇಳಿತು, 15 ರೂಪಾಯಿಗೆ ಕೌಂಟರ್‌ನಲ್ಲಿ ಪಹಣಿ ಸಿಕ್ತು. ಇದು ನಿಜವಾದ ಸುಧಾರಣೆ.

ಆದರೆ ಪಹಣಿ ಕೊಡೋದು ಅಂದ್ರೆ ಇರೋದನ್ನ ಪ್ರಿಂಟ್ ತೆಗೆಯೋದು ಅಷ್ಟೇ. ಪೋಡಿ, ಹದ್ದುಬಸ್ತು, ಪಹಣಿ ತಿದ್ದುಪಡಿ ಹಾಗಲ್ಲ. ಒಬ್ಬರು ಜಮೀನಿಗೆ ಬರಬೇಕು, ಇನ್ನೊಬ್ಬರು ಕಡತ ನೋಡಿ ಸಹಿ ಹಾಕಬೇಕು. ಸಾಲ, ಪಾಲು, ಮಾರಾಟ ಎಲ್ಲಾ ನಿಂತು ಹೋಗೋದು ಇಲ್ಲೇ.

ಇದಕ್ಕೂ ಕಾನೂನು ಮಾಡಿದ್ದಾರೆ. 2011ರ ಸಕಾಲ ಕಾಯ್ದೆ, 2012ರ ಏಪ್ರಿಲ್‌ನಿಂದ ರಾಜ್ಯದಾದ್ಯಂತ ಜಾರಿಯಲ್ಲಿದೆ. ಇಂಥ ಕೆಲಸಕ್ಕೆ ಇಂತಿಷ್ಟು ದಿನ ಅಂತ ಗಡುವು. ತಡ ಆದ್ರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಅದೂ ತಡ ಮಾಡಿದ ನೌಕರನಿಂದಲೇ ವಸೂಲಿ. ಕಾಯ್ದೆ ಚೆನ್ನಾಗಿದೆ. ಆದ್ರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಲ್ಲ.

ಸೋರ್ತಿರೋದು ಎರಡು ಕಡೆ. ಒಂದು, ದಿನದ ಲೆಕ್ಕ ಶುರುವಾಗೋದು ಸಕಾಲ ನಂಬರ್ ಬಿದ್ದ ಮೇಲೆ. "ಇಟ್ಟು ಹೋಗಿ, ಆಮೇಲೆ ನೋಡೋಣ" ಅಂದ್ರೆ ಅರ್ಜಿ ಮೇಜಿನ ಮೇಲಿದ್ರೂ ಕಾನೂನಿನ ಲೆಕ್ಕಕ್ಕೆ ಹುಟ್ಟೇ ಇಲ್ಲ. ನನ್ನ ಪೋಡಿ ಅರ್ಜಿ ಒಂದು ಕಚೇರಿಯಲ್ಲಿ ಹೀಗೇ ತಿಂಗಳುಗಟ್ಟಲೆ ಮಲಗಿತ್ತು. ಎರಡು, ಗಡುವು ಮುಗಿಯೋ ಹೊತ್ತಿಗೆ ಒಂದು ದಾಖಲೆ ಕಡಿಮೆ ಅಂತ ತಿರಸ್ಕಾರ ಮಾಡಿದ್ರೂ ಅಂಕಿಅಂಶದಲ್ಲಿ ಅದು 'ವಿಲೇವಾರಿ'. ಕೆಲಸ ಆಗದವನೂ ಕೆಲಸ ಆದವನೂ ಒಂದೇ ಪಟ್ಟಿಯಲ್ಲಿ. ನಂಬರಿಲ್ಲದ ಅರ್ಜಿಯೇ ಏಜೆಂಟರ ಬಂಡವಾಳ.

"ಸಿಬ್ಬಂದಿ ಇಲ್ಲ, ಸರ್ವೇಯರ್ ಸಾಲಲ್ಲ" ಅಂತಾರೆ. ಒಪ್ಪೋಣ, ಒಬ್ಬನ ತಲೆಗೆ ಮೂರು ಜನರ ಕೆಲಸ ಕಟ್ಟಿರೋದೂ ಉಂಟು. ಹಾಗಿದ್ರೆ ಬಂದ ಅರ್ಜಿಗೆಲ್ಲ ನಂಬರ್ ಕೊಡಿ. ಬಾಕಿ ಎಷ್ಟಿದೆ ಅಂತ ಮೇಲಿನವರಿಗೆ ಕಾಣಲಿ, ಜನ ಹಾಕಲಿ. ಅರ್ಜಿ ಬಚ್ಚಿಟ್ಟರೆ ಸಿಬ್ಬಂದಿ ಕೊರತೆಯನ್ನೇ ಬಚ್ಚಿಟ್ಟ ಹಾಗೆ. ಪ್ರಾಮಾಣಿಕ ನೌಕರನಿಗೂ ಇದರಿಂದ ನಷ್ಟ.

ವಿಲೇಜ್ ಅಕೌಂಟೆಂಟನ್ನ ಗ್ರಾಮ ಆಡಳಿತ ಅಧಿಕಾರಿ ಅಂತ ಹೆಸರು ಬದಲಾಯಿಸಿದ್ರು. ಬೋರ್ಡ್ ಬದಲಾದ್ರೆ ಆಡಳಿತ ಬದಲಾಗಲ್ಲ. ನಾವು ಕೇಳಬೇಕಾದ್ದು ಮೂರೇ: ಅರ್ಜಿ ಕೊಟ್ಟ ದಿನವೇ ನಂಬರ್. ತಿರಸ್ಕಾರದ ಲೆಕ್ಕ ಬೇರೆ, ಕಾರಣ ಬರಹದಲ್ಲಿ. 500 ರೂಪಾಯಿಯ ಮಿತಿ ಏರಿಸೋದು. ಇವತ್ತು ಅದು ಒಂದು ಆಳಿನ ಒಂದು ದಿನದ ಕೂಲಿ ಅಷ್ಟೇ.

ಸರ್ಕಾರ ಮಾಡೋ ತನಕ ನಮ್ಮ ಕೈಲಿರೋದನ್ನ ಮಾಡೋಣ. ಸ್ವೀಕೃತಿ ಚೀಟಿ ಇಲ್ಲದೆ ಕಾಗದ ಬಿಟ್ಟು ಬರಬೇಡಿ. ತಿರಸ್ಕಾರ ಆದ್ರೆ ಮೇಲ್ಮನವಿ ಹಾಕಿ, ಆ ಹಕ್ಕು ಅದೇ ಕಾಯ್ದೆಯಲ್ಲಿದೆ. ಉತ್ತರ ಬರದಿದ್ರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ, 30 ದಿನದಲ್ಲಿ ಹೇಳಲೇಬೇಕು.

ಒಬ್ಬನೇ ಹೋದ್ರೆ ಗದರ್ತಾರೆ, ಹತ್ತು ಜನ ಹೋದ್ರೆ ಕೂರಿಸಿ ಮಾತಾಡ್ತಾರೆ. ನಿಮ್ಮ ಅರ್ಜಿ ಯಾವುದು, ಎಷ್ಟು ದಿನದಿಂದ ಬಾಕಿ, ನಂಬರ್ ಇದೆಯೋ ಇಲ್ಲವೋ, ಕೆಳಗೆ ಬರೆಯಿರಿ. ಪಟ್ಟಿ ಮಾಡಿಕೊಂಡು ಎಲ್ಲರೂ ಒಟ್ಟಿಗೇ ಹೋಗೋಣ.