ಹಾಡಿಯೇ ತಿಳಿಯಬೇಕಾದ ಹಾಡುಗಳು

ಜರ್ಮನ್ ಭಾಷೆಯಲ್ಲಿ 'ಲೀಡ್' ಎಂದರೆ ಹಾಡು, ಬಹುವಚನ 'ಲೀಡರ್'. ಸಂಗೀತ ಲೋಕದಲ್ಲಿ ಈ ಮಾತಿಗೆ ಒಂದು ವಿಶೇಷಾರ್ಥವಿದೆ. ಕವಿಯೊಬ್ಬನ ಕವಿತೆಗೆ ಸಂಗೀತಗಾರನೊಬ್ಬನು ಸ್ವರ ಹಾಕಿ, ಒಂದು ಕಂಠಕ್ಕೂ ಒಂದು ಪಿಯಾನೋಗೂ ಒಟ್ಟಾಗಿ ರಚಿಸಿದ ಗೀತೆಯೇ ಲೀಡ್. ನಮ್ಮ ಭಾವಗೀತೆ ಗಾಯನಕ್ಕೆ ದೂರದ ನೆಂಟನೆನ್ನಬಹುದು. ಇವುಗಳ ಮೇಲಿನ ನನ್ನ ಮೋಹವನ್ನು ಬಲ್ಲ ಹಳೆಯ ವಿದ್ಯಾರ್ಥಿಗಳು ಎರಡು ಪ್ರಶ್ನೆ ಕೇಳುವುದುಂಟು. ಪರಭಾಷೆಯ ಹಾಡಿನಲ್ಲಿ ನಮಗೇನು ಸವಿ? ಕೇಳುವುದಿರಲಿ, ಈ ವಯಸ್ಸಿನಲ್ಲಿ ಹಾಡುವ ಹಂಬಲವೇಕೆ? ಎರಡಕ್ಕೂ ನನ್ನ ಉತ್ತರ ಒಂದೇ. ಈ ಗೀತೆಗಳು ಪೂರ್ತಿಯಾಗಿ ದಕ್ಕುವುದು ಹಾಡಿಕೊಂಡವರಿಗೆ ಮಾತ್ರ.

ಇವು ಬೆಳೆದದ್ದು ದೊಡ್ಡ ಸಭಾಂಗಣಗಳಲ್ಲಲ್ಲ, ಮನೆಗಳಲ್ಲಿ. 19ನೆಯ ಶತಮಾನದ ಆರಂಭದ ವಿಯೆನ್ನಾದಲ್ಲಿ ಪಿಯಾನೋ ಇದ್ದ ಮನೆಗಳಲ್ಲಿ ಸಂಜೆಯ ಹೊತ್ತು ಮನೆಯವರೂ ಸ್ನೇಹಿತರೂ ಕಲೆತು ಹಾಡುತ್ತಿದ್ದರು. ಫ್ರಾಂಟ್ಸ್ ಶೂಬರ್ಟ್ (1797–1828) ತನ್ನ 31 ವರ್ಷಗಳ ಬಾಳಿನಲ್ಲಿ 600ಕ್ಕೂ ಮಿಕ್ಕಿ ಗೀತೆಗಳನ್ನು ರಚಿಸಿದನು. ಅವುಗಳಲ್ಲಿ ಅನೇಕವನ್ನು ಮೊದಲು ಕೇಳಿದವರು ಇಂತಹ ಮಿತ್ರಕೂಟದವರೇ. 1827ರಲ್ಲಿ ವಿಲ್ಹೆಲ್ಮ್ ಮ್ಯೂಲರನ 24 ಕವಿತೆಗಳಿಗೆ ಸ್ವರ ಹಾಕಿ ಆತ 'ವಿಂಟರ್‌ರೈಸೆ', ಅಂದರೆ ಚಳಿಗಾಲದ ಪಯಣ, ಎಂಬ ಗೀತಮಾಲೆಯನ್ನು ರಚಿಸಿದನು. ಅದನ್ನು ಗೆಳೆಯರಿಗೆ ಹಾಡಿ ಕೇಳಿಸಿದವನು ಸ್ವತಃ ಶೂಬರ್ಟನೇ. ಅದರ ದುಗುಡಕ್ಕೆ ತಾವೆಲ್ಲ ದಂಗಾದೆವೆಂದು ಆ ಗೆಳೆಯರಲ್ಲೊಬ್ಬನು ಬರೆದಿಟ್ಟಿದ್ದಾನೆ.

ಶೂಬರ್ಟ್ ಕೆಲಕಾಲ ತಂದೆಯ ಶಾಲೆಯಲ್ಲಿ ಉಪಾಧ್ಯಾಯನಾಗಿದ್ದನೆಂಬುದು ನನ್ನಂತಹ ಮೇಷ್ಟರಿಗೆ ಒಂದು ಬಗೆಯ ಹೆಮ್ಮೆ. ಅದೇ ಕಾಲದಲ್ಲಿ, 1814ರ ಅಕ್ಟೋಬರ್‌ನಲ್ಲಿ, 17ರ ಹರೆಯದ ಆತ ಗಯಟೆಯ 'ಫೌಸ್ಟ್' ನಾಟಕದ ಗ್ರೆಚೆನ್ ನೂಲುತ್ತ ಹಾಡುವ ಹಾಡಿಗೆ ಸ್ವರ ಹಾಕಿದನು. ಪಿಯಾನೋದ ನಾದ ರಾಟೆಯಂತೆ ಸುತ್ತುತ್ತಲೇ ಇರುತ್ತದೆ. ಪ್ರಿಯಕರನ ಚುಂಬನದ ನೆನಪು ಬಂದೊಡನೆ ರಾಟೆ ನಿಲ್ಲುತ್ತದೆ. ಬಳಿಕ ತಡವರಿಸಿ ಮತ್ತೆ ತಿರುಗತೊಡಗುತ್ತದೆ. ಇಲ್ಲಿ ಪಿಯಾನೋ ಪಕ್ಕವಾದ್ಯವಲ್ಲ, ಅರ್ಧ ಕವಿತೆಯನ್ನು ಅದೇ ಹೇಳುತ್ತದೆ. ಕೇಳುವಾಗ ಇದು ಜಾಣ್ಮೆಯೆಂದು ತೋರೀತು. ಹಾಡಿ ನೋಡಿದರೆ, ರಾಟೆ ನಿಂತೆಡೆಯಲ್ಲಿ ನಮ್ಮ ಉಸಿರೂ ನಿಲ್ಲುತ್ತದೆ.

ಇನ್ನು ಭಾಷೆಯ ಮಾತು. ಕನ್ನಡದ ನಾಲಗೆಗೆ ಸ್ವರಾಂತವೇ ಸಹಜ. 'ಬಸ್' ನಮಗೆ 'ಬಸ್ಸು', 'ಕಾರ್' ನಮಗೆ 'ಕಾರು'. ಇರುಳೆಂಬ ಅರ್ಥದ 'ನಾಖ್ಟ್' ಎಂಬ ಜರ್ಮನ್ ಪದದ ಕೊನೆಗೆ ಇದೇ ರೂಢಿಯಲ್ಲಿ ಉಕಾರ ಸೇರಿಸಿದರೆ, ಸಂಗೀತಗಾರ ಬರೆಯದ ಅಕ್ಷರವೊಂದು ಹಾಡಿನಲ್ಲಿ ನುಸುಳುತ್ತದೆ. ನಾಲಗೆಯನ್ನು 'ಈ' ಎನ್ನುವಂತೆ ಇರಿಸಿ ತುಟಿಯನ್ನು 'ಊ' ಎನ್ನುವಂತೆ ದುಂಡಗೆ ಮಾಡಿದರಷ್ಟೆ ಹುಟ್ಟುವ ಸ್ವರವೊಂದು ಅಲ್ಲಿದೆ. ನಮ್ಮ ವರ್ಣಮಾಲೆಯಲ್ಲಿ ಅದಿಲ್ಲ. ನಾನು ಮೊದಲು ನಿಘಂಟು ಹಿಡಿದು ಪದಪದದ ಅರ್ಥ ಬರೆದುಕೊಳ್ಳುತ್ತೇನೆ, ಆಮೇಲೆ ಗದ್ಯದಂತೆ ಓದುತ್ತೇನೆ, ಕೊನೆಗೆ ಧ್ವನಿಮುದ್ರಿತ ಪಿಯಾನೋದ ಜೊತೆಗೆ ಹಾಡುತ್ತೇನೆ. ತರಗತಿಯಲ್ಲಿ ಹಳಗನ್ನಡ ಪದ್ಯವನ್ನು ಅನ್ವಯಿಸಿ ಓದಿಸಿದ ಕ್ರಮವೇ ಇದೂ. ಹೀಗೆ ದುಡಿದು ಪಡೆದ ಹಾಡು ಪರಭಾಷೆಯದಾಗಿ ಉಳಿಯುವುದಿಲ್ಲ.

'ವಿಂಟರ್‌ರೈಸೆ'ಯ ಕಡೆಯ ಗೀತೆ ನನ್ನ ಮಾತಿಗೆ ಸಾಕ್ಷಿ. ಊರಾಚೆ ಹಿಮದ ಮೇಲೆ ಬರಿಗಾಲಿನಲ್ಲಿ ನಿಂತ ಮುದುಕನೊಬ್ಬ ಹಿಡಿಕೆ ತಿರುಗಿಸಿ ತಂತಿವಾದ್ಯ ನುಡಿಸುತ್ತಿದ್ದಾನೆ. ತಟ್ಟೆ ಬರಿದು, ಕೇಳುವವರಿಲ್ಲ, ನಾಯಿಗಳು ಗುರುಗುಟ್ಟುತ್ತವೆ. ಪಿಯಾನೋದ ಎಡಗೈಯಲ್ಲಿ ಷಡ್ಜ–ಪಂಚಮಗಳು ಮೊದಲಿನಿಂದ ಕೊನೆಯವರೆಗೆ ಬಿಡದೆ ಮೊಳಗುತ್ತವೆ. ತಂಬೂರಿಯ ನಾದದಲ್ಲಿ ಬೆಳೆದ ಕಿವಿಗೆ ಇದು ಅಪರಿಚಿತವಲ್ಲ. ಆದರೆ ನಮ್ಮಲ್ಲಿ ಶ್ರುತಿ ಹಾಡುವವನಿಗೆ ಆಸರೆ. ಇಲ್ಲಿ ಅದು ಗತಿಯಿಲ್ಲದವನ ನಿಟ್ಟುಸಿರು. ಕಂಠದ ಕಸರತ್ತಿಗೆ ಆಸ್ಪದವೇ ಇಲ್ಲದ ಈ ಹಾಡಿಗೆ ಬೇಕಾದುದು ಸಂಯಮ.

ಪಳಗಿದ ಕಂಠವಿಲ್ಲದವರು ಇಂತಹ ಗೀತೆಗಳನ್ನು ಕೆಡಿಸಬಾರದು ಎನ್ನುವವರಿದ್ದಾರೆ. ಡೀಟ್ರಿಷ್ ಫಿಷರ್–ಡೀಸ್ಕೌ (1925–2012) ಹಾಡಿದ್ದನ್ನು ಕೇಳಿದ ಮೇಲೆ ಆ ಮಾತು ನಿಜವೆನಿಸುವುದೂ ಸಹಜ. ಮಹಾಗಾಯಕರು ನಮಗೆ ದಾರಿ ತೋರಿಸುವವರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅವರ ಭಯದಿಂದ ಮನೆಗಳು ಮೌನವಾದರೆ ನಷ್ಟ ಹಾಡಿಗೇ. ಇವುಗಳ ಸ್ವರಪುಸ್ತಕಗಳು ತಾರ, ಮಧ್ಯಮ, ಮಂದ್ರ ಎಂದು ಬೇರೆ ಬೇರೆ ಕಂಠಗಳಿಗೆ ತಕ್ಕಂತೆ ಅಚ್ಚಾಗಿ ಸಿಗುತ್ತವೆ. ಅವರವರ ಶ್ರುತಿಯಲ್ಲಿ ಹಾಡಲೆಂದಲ್ಲದೆ ಮತ್ತೇಕೆ?

ಸಂಗೀತವೆಂದರೆ ಬೇರೆಯವರು ಹಾಡಿದ್ದನ್ನು ಗುಂಡಿ ಒತ್ತಿ ಕೇಳುವುದು ಎಂಬಂತಾಗಿರುವ ಕಾಲವಿದು. ಜರ್ಮನ್ ಗೀತೆಯೇ ಆಗಬೇಕೆಂದಿಲ್ಲ. ನಿಮಗೆ ಒಲಿದ ಕವಿತೆಯೊಂದನ್ನು ಅರ್ಥವರಿತು ಕಲಿಯಿರಿ. ಸ್ವರ ನಡುಗಿದರೆ ನಡುಗಲಿ. ಮನೆಮಂದಿಯ ನಡುವೆ ಬಾಯಿಬಿಟ್ಟು ಹಾಡಿರಿ.