ಸೀಮಿತ ಆವೃತ್ತಿಯ ಕಾರು, ಅಸೀಮ ವಿನಾಯಿತಿ

2022ರ ಮೇ 5ರಂದು ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ, ಮರ್ಸಿಡಿಸ್-ಬೆಂಜ್ ಕಂಪನಿಯ ವಸ್ತುಸಂಗ್ರಹಾಲಯದೊಳಗೆ, ಆಹ್ವಾನಿತರಿಗಷ್ಟೇ ಪ್ರವೇಶವಿದ್ದ ಹರಾಜೊಂದು ನಡೆಯಿತು. ಮಾರಾಟವಾದದ್ದು ಒಂದೇ ಒಂದು ಕಾರು. 1955ರಲ್ಲಿ ತಯಾರಾದ ಆ ‘300 ಎಸ್‌ಎಲ್‌ಆರ್ ಉಲೆನ್‌ಹೌಟ್ ಕೂಪೆ’ ಮಾದರಿಯಲ್ಲಿ ಇರುವುದೇ ಎರಡು. ಅವುಗಳಲ್ಲೊಂದಕ್ಕೆ ಬಂದ ಬೆಲೆ 13.5 ಕೋಟಿ ಯೂರೋ. ಅಂದಿನ ವಿನಿಮಯ ದರದಲ್ಲಿ ಸಾವಿರ ಕೋಟಿ ರೂಪಾಯಿಗೂ ಮಿಗಿಲು. ಕೊಂಡವರ ಹೆಸರು ಹೊರಬೀಳಲಿಲ್ಲ.

ವೇಗದ ಕಾರುಗಳ ಆರಾಧಕರ ಲೋಕದಲ್ಲಿ ಇಂಥ ಮಾರಾಟಗಳ ಬೆನ್ನಿಗೇ ಒಂದು ಹಳೆಯ ವಾಗ್ವಾದ ಮತ್ತೆ ಏಳುತ್ತದೆ. ‘ಸೀಮಿತ ಆವೃತ್ತಿ’ ಎಂದು ಎಣಿಸಿ ತಯಾರಿಸುವ ಕಾರುಗಳ ನಿಜವಾದ ಮೌಲ್ಯವೇನು ಎಂಬುದೇ ಆ ವಾದ. ಸಂಖ್ಯೆ ಕಡಿಮೆಯಾದಷ್ಟೂ ಮೌಲ್ಯ ಹೆಚ್ಚು, ಆದ್ದರಿಂದ ಕೊಂಡು ಗವಸು ಹೊದಿಸಿ ಕಾಪಾಡಬೇಕು ಎನ್ನುತ್ತದೆ ಒಂದು ಪಕ್ಷ. ಕಾರು ಇರುವುದು ಓಡಿಸುವುದಕ್ಕೆ, ಓಡದ ಕಾರು ಗೋಡೆಗೆ ತೂಗುಹಾಕಿದ ಷೇರುಪತ್ರ ಎನ್ನುತ್ತದೆ ಇನ್ನೊಂದು. ಬಣ್ಣ ಬದಲಿಸಿ, ಸಂಖ್ಯೆ ಕೆತ್ತಿದ ಲೋಹದ ಫಲಕ ಅಂಟಿಸಿ ‘ಸೀಮಿತ’ ಎಂದು ಕರೆಯುವುದೇ ವಂಚನೆ ಎಂಬುದು ಮೂರನೆಯವರ ದೂರು. ವಾದ ಎಷ್ಟೇ ಬಿರುಸಾಗಿರಲಿ, ಮೂರೂ ಪಕ್ಷಗಳು ಒಂದು ಪ್ರಶ್ನೆಯನ್ನು ಮಾತ್ರ ಮುಟ್ಟುವುದಿಲ್ಲ. ಸಂಖ್ಯೆಯ ಮಿತಿಯಿಂದಲೇ ಬೆಲೆ ಪಡೆಯುವ ಈ ಉದ್ಯಮ, ಭೂಮಿಯ ಮೇಲಿನ ಸಕಲರಿಗೂ ಅನ್ವಯಿಸುವ ಮಿತಿಗಳಿಗೆ ತಾನು ಬದ್ಧವೇ?

ಕೊರತೆಯೆಂಬ ಬೆಳೆ

ವಿರಳತೆಯಲ್ಲಿ ಎರಡು ಬಗೆ. ಒಂದು, ತಾನಾಗಿ ಉಳಿದದ್ದು. ಇನ್ನೊಂದು, ಬೇಕೆಂದೇ ಬೆಳೆಸಿದ್ದು. ಇಟಲಿಯ ಫೆರಾರಿ ಕಂಪನಿ 1962ರಿಂದ 1964ರವರೆಗೆ ತಯಾರಿಸಿದ ‘250 ಜಿಟಿಒ’ ಮೊದಲನೆಯ ಬಗೆಗೆ ಸೇರಿದ್ದು. ಆ ವರ್ಗದ ಪಂದ್ಯಕ್ಕಿಳಿಯಲು 100 ಕಾರುಗಳನ್ನು ತಯಾರಿಸಿರಬೇಕೆಂಬ ನಿಯಮವಿತ್ತು. ಇದು ಹೊಸ ಮಾದರಿಯಲ್ಲ, ಹಳೆಯ 250 ಜಿಟಿಯ ರೂಪಾಂತರವಷ್ಟೇ ಎಂದು ವಾದಿಸಿ ಕಂಪನಿ 36 ಕಾರುಗಳಲ್ಲಿಯೇ ಮುಗಿಸಿತು. ಅಂದು ಅಮೆರಿಕದಲ್ಲಿ ಅದರ ಬೆಲೆ ಸುಮಾರು 18,000 ಡಾಲರ್. ಪಂದ್ಯದ ಕಾಲ ಮುಗಿದ ಮೇಲೆ ಅದು ಹಳೆಯ ಯಂತ್ರ ಮಾತ್ರ. ಅವುಗಳಲ್ಲೊಂದು ಟೆಕ್ಸಾಸ್‌ನ ಪ್ರೌಢಶಾಲೆಯೊಂದಕ್ಕೆ ದಾನವಾಗಿ ಹೋಗಿ, 1972ರಲ್ಲಿ ಕೆಲವೇ ಸಾವಿರ ಡಾಲರಿಗೆ ಮಾರಾಟವಾಯಿತು. ಅದೇ ಮಾದರಿಯ ಕಾರೊಂದು 2018ರಲ್ಲಿ 4.84 ಕೋಟಿ ಡಾಲರಿಗೂ, ಇನ್ನೊಂದು 2023ರಲ್ಲಿ 5.17 ಕೋಟಿ ಡಾಲರಿಗೂ ಹರಾಜಾದವು. ಈ ನಡುವೆ ಕಾರಿನ ಎಂಜಿನ್ನಿಗೆ ಒಂದು ಅಶ್ವಶಕ್ತಿಯೂ ಹೆಚ್ಚಲಿಲ್ಲ. ಬದಲಾದದ್ದು ಹಣವಂತರ ಆಸೆ.

ಉದ್ಯಮ ಈ ಪಾಠವನ್ನು ಬೇಗ ಕಲಿತಿತು. ತಾನಾಗಿ ಉಂಟಾದ ವಿರಳತೆಗೆ ಇಷ್ಟು ಬೆಲೆಯಿದ್ದರೆ, ವಿರಳತೆಯನ್ನೇ ಕಾರ್ಖಾನೆಯಲ್ಲಿ ಏಕೆ ತಯಾರಿಸಬಾರದು? 1995ರಲ್ಲಿ ಬಂದ ಫೆರಾರಿ ‘ಎಫ್50’ ಕಾರುಗಳ ಸಂಖ್ಯೆ 349. ಮಾರುಕಟ್ಟೆ 350 ಕಾರುಗಳನ್ನು ಬೇಡೀತೆಂದು ಅಂದಾಜಿಸಿ, ಒಂದನ್ನು ಬೇಕೆಂದೇ ಕಡಿಮೆ ಮಾಡಿದ ಲೆಕ್ಕವದು. ಆ ಇಲ್ಲದ 350ನೆಯ ಕಾರೇ ಉಳಿದ 349ರ ಬೆಲೆಯನ್ನು ಕಾಯುವ ಬೇಲಿ.

ಪೋರ್ಷೆ ಕಂಪನಿಯ ‘911 ಆರ್’ ಕಥೆ ಇನ್ನೂ ಬೋಧಪ್ರದ. 2016ರಲ್ಲಿ ಬಂದ ಈ ಕಾರಿನ ಸಂಖ್ಯೆಯನ್ನು 991ಕ್ಕೆ ನಿಗದಿಪಡಿಸಲಾಯಿತು. ಆ ಸಂಖ್ಯೆಗೆ ತಾಂತ್ರಿಕ ಕಾರಣವೇನೂ ಇಲ್ಲ. ಆ ಪೀಳಿಗೆಯ ಕಾರಿಗೆ ಕಂಪನಿಯೊಳಗಿದ್ದ ಸಂಕೇತವೇ 991. ಅಮೆರಿಕದಲ್ಲಿ ಸುಮಾರು 1.85 ಲಕ್ಷ ಡಾಲರ್ ಬೆಲೆಯಿದ್ದ ಕಾರು ಕೆಲವೇ ತಿಂಗಳಲ್ಲಿ ಅದರ ಎರಡು ಪಟ್ಟಿಗೂ ಮೀರಿ ಕೈಬದಲಾಯಿಸಿತು. ಕೈಯಿಂದ ಗೇರು ಬದಲಿಸುವ ಸುಖಕ್ಕೆ, ಹಗುರ ಮೈಕಟ್ಟಿಗೆ ಈ ಬೆಲೆ ಎಂದು ಆರಾಧಕರು ಸಮರ್ಥಿಸಿದರು. ಮರುವರ್ಷವೇ ಕಂಪನಿ ಹೆಚ್ಚುಕಡಿಮೆ ಅದೇ ಗುಣಗಳಿದ್ದ ‘ಜಿಟಿ3 ಟೂರಿಂಗ್’ ಕಾರನ್ನು ಸಂಖ್ಯೆಯ ಮಿತಿಯಿಲ್ಲದೆ ಮಾರುಕಟ್ಟೆಗೆ ಬಿಟ್ಟಿತು. 911 ಆರ್ ಬೆಲೆ ಇಳಿಯಿತು. ಬೆಲೆ ನಿಜಕ್ಕೂ ಚಾಲನೆಯ ಸುಖಕ್ಕೇ ಆಗಿದ್ದರೆ, ನೆರೆಯವನಿಗೂ ಅದೇ ಸುಖ ದೊರೆತಾಗ ಅದು ಇಳಿಯಬೇಕಾಗಿದ್ದೇಕೆ? ಕೊಳ್ಳಲಾದದ್ದು ಸುಖವಲ್ಲ, ನೆರೆಯವನಿಗೆ ಅದು ಸಿಗದೆಂಬ ಭರವಸೆ.

ಈ ಭರವಸೆ ಎಷ್ಟು ಟೊಳ್ಳೆಂಬುದಕ್ಕೆ ಬ್ರಿಟನ್ನಿನ ಜಾಗ್ವಾರ್ ‘ಎಕ್ಸ್‌ಜೆ220’ ಸಾಕ್ಷಿ. 1988ರಲ್ಲಿ ಅದನ್ನು ಪ್ರದರ್ಶಿಸಿದಾಗ 50,000 ಪೌಂಡ್ ಮುಂಗಡ ಕಟ್ಟಲು ಜನ ಮುಗಿಬಿದ್ದರು. ಗರಿಷ್ಠ 350 ಕಾರುಗಳೆಂದು ಮಿತಿ ಘೋಷಿಸಲಾಯಿತು. ಕಾರು ಸಿದ್ಧವಾಗುವ ಹೊತ್ತಿಗೆ ಆರ್ಥಿಕ ಹಿಂಜರಿತ ಬಂದಿತ್ತು, ಎಂಜಿನ್ನೂ ಬೇರೆಯದಾಗಿತ್ತು. ಮುಂಗಡ ಕಟ್ಟಿದವರಲ್ಲಿ ಹಲವರು ಕಾರು ಬೇಡವೆಂದು ನ್ಯಾಯಾಲಯದ ಮೆಟ್ಟಿಲೇರಿದರು. ಕೊನೆಗೆ ತಯಾರಾದವು 300ಕ್ಕೂ ಕಡಿಮೆ. ಘೋಷಿಸಿದ್ದಕ್ಕಿಂತ ವಿರಳವಾದರೂ ಅದನ್ನು ಕೊಳ್ಳುವವರಿರಲಿಲ್ಲ!

ಮರುಮಾರಾಟದ ದಂಧೆ ಕಂಪನಿಗಳಿಗೇ ತಲೆನೋವಾಗಿದೆ. ಫೋರ್ಡ್ ಕಂಪನಿ ತನ್ನ ‘ಜಿಟಿ’ ಕಾರನ್ನು ಕೊಳ್ಳುವವರಿಂದ ಎರಡು ವರ್ಷ ಮಾರುವುದಿಲ್ಲವೆಂದು ಕರಾರು ಬರೆಸಿಕೊಂಡಿತು. ಕರಾರು ಮುರಿದು ಮಾರಿದ ಖ್ಯಾತ ಕುಸ್ತಿಪಟುವೊಬ್ಬರ ಮೇಲೆ 2017ರಲ್ಲಿ ಮೊಕದ್ದಮೆ ಹೂಡಿತು. 2018ರಲ್ಲಿ ಅದು ರಾಜಿಯಲ್ಲಿ ಮುಗಿಯಿತು. ಕೊರತೆಯನ್ನು ಬಿತ್ತಿದವರೇ ಅದರ ಫಸಲಿಗೆ ಕಾವಲು ನಿಲ್ಲಬೇಕಾದ ಸ್ಥಿತಿ ಇದು.

ಒಂದೇ ಸಂಖ್ಯೆ, ಎರಡು ನಾಲಿಗೆ

‘ಹೋಗಲಿ, ಸಿರಿವಂತರ ಆಟಿಕೆ, ಅದರಿಂದ ಹಳ್ಳಿಯವರಿಗೇನು?’ ಎಂದು ಕೇಳುವವರಿದ್ದಾರೆ. ಆರಾಧಕರೂ ಇದನ್ನೇ ಸ್ವಲ್ಪ ನಯವಾಗಿ ಹೇಳುತ್ತಾರೆ. ಬೆರಳೆಣಿಕೆಯ ಕಾರುಗಳು, ವರ್ಷಕ್ಕೆ ಕೆಲವು ನೂರು ಕಿಲೋಮೀಟರ್ ಓಟ. ಇದರಿಂದ ವಾತಾವರಣಕ್ಕೆ ಏನಾದೀತು?

ಈ ವಾದದಲ್ಲಿ ಸತ್ಯಾಂಶವಿದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. 500 ಮಾತ್ರ ತಯಾರಾದ ಬುಗಾಟಿ ‘ಶಿರಾನ್’ ಲೀಟರಿಗೆ ಸರಾಸರಿ 5 ಕಿಲೋಮೀಟರ್ ಕೂಡ ಓಡದು. ಅಂದರೆ ಪ್ರತಿ ಕಿಲೋಮೀಟರಿಗೆ ಅರ್ಧ ಕಿಲೋದ ಆಸುಪಾಸು ಹೊಗೆ. ಆದರೂ ಜಗತ್ತಿನ ಒಟ್ಟು ಹೊಗೆಯಲ್ಲಿ ಐದುನೂರು ಕಾರುಗಳ ಪಾಲು ಸಾಗರದಲ್ಲಿ ಒಂದು ಹನಿ. ಗವಸು ಹೊದ್ದು ನಿಂತ ಕಾರು ಅಷ್ಟನ್ನೂ ಉಗುಳದು. ಆದ್ದರಿಂದ ಆಕ್ಷೇಪ ಹೊಗೆಯ ಪ್ರಮಾಣದ ಬಗ್ಗೆಯಲ್ಲ, ಅಳತೆಗೋಲಿನ ಬಗ್ಗೆ.

ಆ ಅಳತೆಗೋಲನ್ನು ಐರೋಪ್ಯ ಒಕ್ಕೂಟದ ಕಾನೂನಿನಲ್ಲಿ ಕಾಣಬಹುದು. 2019ರ ನಿಯಮದ ಪ್ರಕಾರ ಪ್ರತಿ ಕಾರು ತಯಾರಕನೂ ತನ್ನ ಹೊಸ ಕಾರುಗಳ ಸರಾಸರಿ ಇಂಗಾಲದ ಹೊಗೆಯನ್ನು ನಿಗದಿತ ಗುರಿಯೊಳಗೆ ಇರಿಸಬೇಕು, ತಪ್ಪಿದರೆ ದಂಡ. ಆದರೆ ವರ್ಷಕ್ಕೆ 1,000ಕ್ಕಿಂತ ಕಡಿಮೆ ಹೊಸ ಕಾರುಗಳು ನೋಂದಣಿಯಾಗುವ ತಯಾರಕನಿಗೆ ಈ ಗುರಿಯೇ ಇಲ್ಲ. 1,000ದಿಂದ 10,000ದವರೆಗಿನವರು ತಮಗೆಂದೇ ಸಡಿಲವಾದ ಗುರಿಯನ್ನು ಬೇಡಿ ಪಡೆಯಬಹುದು. 2022ರ ಜೂನ್‌ನಲ್ಲಿ, 2035ರ ಹೊತ್ತಿಗೆ ಹೊಗೆಯುಗುಳುವ ಹೊಸ ಕಾರುಗಳನ್ನೇ ನಿಲ್ಲಿಸುವ ಪ್ರಸ್ತಾವ ಐರೋಪ್ಯ ಸಂಸತ್ತಿನ ಮುಂದೆ ಬಂದಾಗ, ಈ ಎರಡನೆಯ ಸವಲತ್ತನ್ನು 2035ರ ಅಂತ್ಯದವರೆಗೂ ಉಳಿಸುವ ತಿದ್ದುಪಡಿಗೆ ಅದೇ ಸಂಸತ್ತು ಒಪ್ಪಿತು. ಪತ್ರಿಕೆಗಳು ಅದಕ್ಕೆ ‘ಫೆರಾರಿ ತಿದ್ದುಪಡಿ’ ಎಂದೇ ಹೆಸರಿಟ್ಟವು. ಸಾಲ ಮಾಡಿ ಪುಟ್ಟ ಕಾರು ಕೊಳ್ಳುವ ಶಾಲಾ ಶಿಕ್ಷಕಿಯ ವಾಹನದ ತಯಾರಕನಿಗೆ ಬಿಗಿ. ಕೋಟಿಗಟ್ಟಲೆ ಸುರಿದು ಎಂಟುನೂರು ಅಶ್ವಶಕ್ತಿಯ ಯಂತ್ರ ಕೊಳ್ಳುವವನ ತಯಾರಕನಿಗೆ ಸಡಿಲ.

ಇಲ್ಲಿ ಒಂದೇ ಸಂಖ್ಯೆ ಎರಡು ನಾಲಿಗೆಯಲ್ಲಿ ಮಾತನಾಡುತ್ತದೆ. ಗಿರಾಕಿಯ ಮುಂದೆ ‘ಇವು ಕೆಲವೇ, ಆದ್ದರಿಂದ ಅಮೂಲ್ಯ’ ಎನ್ನುತ್ತದೆ. ಕಾನೂನಿನ ಮುಂದೆ ‘ಇವು ಕೆಲವೇ, ಆದ್ದರಿಂದ ನಗಣ್ಯ’ ಎನ್ನುತ್ತದೆ. ಒಂದು ವಸ್ತು ಏಕಕಾಲಕ್ಕೆ ಅಮೂಲ್ಯವೂ ನಗಣ್ಯವೂ ಆಗುವುದು ಹೇಗೆ? ಬೆಲೆ ಏರಿಸುವಾಗ ಎಣಿಸಿ, ಹೊಣೆ ಹೊರಿಸುವಾಗ ಎಣಿಸಬೇಡಿ ಎಂಬುದು ನ್ಯಾಯವಲ್ಲ.

ಮಲೆನಾಡಿನ ಓದುಗರಿಗೆ ಈ ಎರಡನೆಯ ನಾಲಿಗೆ ಅಪರಿಚಿತವಲ್ಲ. ಅದು ಇಲ್ಲಿ ತಿರುಗುಮುರುಗಾಗಿ ಕೇಳಿಸುತ್ತದೆ. ಮಕ್ಕಳು ಕೆಲವರೇ, ಆದ್ದರಿಂದ ಶಾಲೆಯನ್ನು ವಿಲೀನಗೊಳಿಸಿ. ಪ್ರಯಾಣಿಕರು ಕೆಲವರೇ, ಆದ್ದರಿಂದ ಬಸ್ಸು ನಿಲ್ಲಿಸಿ. ಮನೆಗಳು ಕೆಲವೇ, ಆದ್ದರಿಂದ ಕಾಲುಸಂಕಕ್ಕೆ ಅನುದಾನವಿಲ್ಲ. ಗುಡ್ಡದ ಜನರಿಗೆ ‘ಕೆಲವರೇ’ ಎಂಬ ಮಾತು ಸೌಲಭ್ಯ ಕಸಿಯುವ ಕಾರಣ. ಸಿರಿವಂತರ ಕಾರಿಗೆ ಅದೇ ಮಾತು ಸೌಲಭ್ಯ ಕೊಡುವ ಕಾರಣ. ಅಲ್ಪಸಂಖ್ಯೆಯ ಅರ್ಥವನ್ನು ನಿರ್ಧರಿಸುವುದು ಸಂಖ್ಯೆಯಲ್ಲ, ಹಣ. ದೂರದ ಇಟಲಿಯ ಕಾರಿಗೂ ಇಲ್ಲಿನ ಹಳ್ಳಿಗೂ ಇರುವ ನಂಟು ಇಷ್ಟೇ, ಆದರೆ ಇಷ್ಟು ಸಾಕು.

ದಾನದ ಲೆಕ್ಕ

ಆರಾಧಕರ ಬತ್ತಳಿಕೆಯಲ್ಲಿ ಇನ್ನೊಂದು ಬಾಣವಿದೆ, ಪರೋಪಕಾರ. 13.5 ಕೋಟಿ ಯೂರೋಗಳ ಆ ಕಾರಿನ ಹಣದಿಂದ ಮರ್ಸಿಡಿಸ್ ಕಂಪನಿ ಪರಿಸರ ವಿಜ್ಞಾನ ಮತ್ತು ಇಂಗಾಲ ನಿಯಂತ್ರಣದ ಅಧ್ಯಯನಕ್ಕೆ ಯುವಜನರಿಗೆ ವಿದ್ಯಾರ್ಥಿವೇತನ ನೀಡುವ ನಿಧಿ ಸ್ಥಾಪಿಸುವುದಾಗಿ ಪ್ರಕಟಿಸಿತು. ಫೆರಾರಿಯ ‘ಲಾಫೆರಾರಿ’ ಮಾದರಿಯಲ್ಲಿ 499ಕ್ಕೆ ಮಿತಿಯೆಂದಿದ್ದರೂ, 2016ರ ಡಿಸೆಂಬರ್‌ನಲ್ಲಿ 500ನೆಯದೊಂದನ್ನು ಹರಾಜಿಗಿಟ್ಟು, ಬಂದ 70 ಲಕ್ಷ ಡಾಲರ್‌ಗಳನ್ನು ಮಧ್ಯ ಇಟಲಿಯ ಭೂಕಂಪ ಸಂತ್ರಸ್ತರಿಗೆ ಮೀಸಲಿಟ್ಟರು. ಒಳ್ಳೆಯ ಕಾರ್ಯಗಳೇ, ಅಲ್ಲಗಳೆಯುವ ಅಗತ್ಯವಿಲ್ಲ.

ಆದರೆ ಇನ್ನೊಂದು ಲೆಕ್ಕವನ್ನೂ ಪಕ್ಕದಲ್ಲಿಡಬೇಕು. 2023ರ ಮೇ ತಿಂಗಳಲ್ಲಿ ಫೆರಾರಿಯ ತವರಾದ ಎಮಿಲಿಯಾ-ರೊಮಾನ್ಯಾ ಪ್ರಾಂತದಲ್ಲಿ ಭಾರಿ ಮಳೆ ಸುರಿದು ನದಿಗಳು ಉಕ್ಕಿದವು. ಅಪೆನೈನ್ ಬೆಟ್ಟಸಾಲಿನಲ್ಲಿ ನೂರಾರು ಕಡೆ ಗುಡ್ಡ ಜರಿಯಿತು. ಹದಿನೈದಕ್ಕೂ ಹೆಚ್ಚು ಜನ ಸತ್ತರು, ಸಾವಿರಾರು ಜನ ಮನೆ ಬಿಟ್ಟರು. ಇಮೋಲಾದಲ್ಲಿ ನಡೆಯಬೇಕಿದ್ದ ಫಾರ್ಮುಲಾ ಒನ್ ಪಂದ್ಯವೂ ರದ್ದಾಯಿತು. ಆ ಮಳೆಗೂ ಅಲ್ಲಿ ತಯಾರಾಗುವ ಕಾರುಗಳ ಹೊಗೆಗೂ ನೇರ ನಂಟು ಕಟ್ಟುವುದು ಅಪ್ರಾಮಾಣಿಕ. ಇಲ್ಲಿ ಅದನ್ನು ಕಟ್ಟುತ್ತಿಲ್ಲ. ಕಂಪನಿ ಪ್ರಾಂತಕ್ಕೆ 10 ಲಕ್ಷ ಯೂರೋ ನೆರವು ನೀಡಿತು. ಮರುವರ್ಷ, 2024ರ ಅಕ್ಟೋಬರ್‌ನಲ್ಲಿ, ಅದೇ ಕಂಪನಿ 799 ಕಾರುಗಳ ಸೀಮಿತ ಆವೃತ್ತಿ ‘ಎಫ್80’ ಪ್ರಕಟಿಸಿತು. ಒಂದರ ಬೆಲೆ 36 ಲಕ್ಷ ಯೂರೋ. ಗುಡ್ಡ ಜರಿದ ಇಡೀ ಪ್ರಾಂತಕ್ಕೆ ಕೊಟ್ಟದ್ದು ಒಂದು ಕಾರಿನ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ.

ದಾನ ಕೊಡುವವರ ಇಚ್ಛೆ, ಹೊಣೆ ಇಚ್ಛೆಯಲ್ಲ. ವಿನಾಯಿತಿ ಪಡೆದವರು ದಾನ ಮಾಡಿದರೆ ಲೆಕ್ಕ ಚುಕ್ತಾ ಆಗುವುದಿಲ್ಲ.

ಇನ್ನೊಂದು ಬಗೆಯ ವಿರಳತೆ

ವಿರಳವಾದದ್ದೆಲ್ಲ ಅಮೂಲ್ಯವೆಂಬ ಮಾತನ್ನು ಗುಡ್ಡದ ಜನ ಪೂರ್ತಿ ತಳ್ಳಿಹಾಕಲಾರರು. ಶರಾವತಿ, ಅಘನಾಶಿನಿ ಹೊಳೆಗಳ ದಂಡೆಯಲ್ಲಿ ಬೆಳೆಯುವ ಅಪ್ಪೆಮಿಡಿ ಮಾವಿನಲ್ಲಿ ಒಂದೊಂದು ಮರದ ಮಿಡಿಗೂ ಅದರದೇ ಪರಿಮಳ, ಅದರದೇ ಸೊನೆ. ಆ ಮರವೊಂದು ಬಿದ್ದರೆ ಆ ಗುಣವೇ ಭೂಮಿಯಿಂದ ಹೋಗುತ್ತದೆ. ಅದು ನಿಜವಾದ ಸೀಮಿತ ಆವೃತ್ತಿ. ಯಾವ ಕಾರ್ಖಾನೆಯೂ ಅದನ್ನು ಮರುಮುದ್ರಿಸಲಾರದು. ಅಂಥ ಮರವನ್ನು ಕಂಡ ರೈತ ಮಾಡುವುದೇನು? ಕಡ್ಡಿ ತಂದು ಕಸಿ ಕಟ್ಟುತ್ತಾನೆ, ಗಿಡವನ್ನು ನೆರೆಯವರಿಗೆ ಹಂಚುತ್ತಾನೆ. ಹತ್ತು ತೋಟಗಳಲ್ಲಿ ಹಬ್ಬಿದಾಗ ತಳಿ ಉಳಿಯುತ್ತದೆ, ಮಿಡಿಯ ರುಚಿ ಕುಂದುವುದಿಲ್ಲ. ಕೃಷಿಯಲ್ಲಿ ವಿರಳತೆ ಎಂಬುದು ಅಪಾಯದ ಸೂಚನೆ. ಹಂಚಿಕೆಯೇ ಅದಕ್ಕೆ ಮದ್ದು. ಕಾರಿನ ಲೋಕದಲ್ಲಿ ವಿರಳತೆ ಲಾಭದ ಮೂಲ. ಹಂಚಿಕೆಯೇ ಅದಕ್ಕೆ ಅಪಾಯ.

ಯಂತ್ರವಿನ್ಯಾಸದ ಚೆಲುವನ್ನು ಮೆಚ್ಚುವುದು ತಪ್ಪಲ್ಲ. ಎಂಜಿನಿಯರಿಂಗ್ ಓದುವ ಗುಡ್ಡದ ಹುಡುಗ ಹುಡುಗಿಯರು ಇಂಥ ಕಾರುಗಳ ಚಿತ್ರವನ್ನು ಕೋಣೆಯ ಗೋಡೆಗೆ ಅಂಟಿಸಿಕೊಂಡರೆ ಅವರನ್ನು ಗದರಬೇಕಾಗಿಯೂ ಇಲ್ಲ. ಎರಡು ಕಾರುಗಳನ್ನು ತಯಾರಿಸಿದ ಉಲೆನ್‌ಹೌಟ್ ಮಹಾಶಯ ದೊಡ್ಡ ಎಂಜಿನಿಯರ್ ಹೌದು. ಆದರೆ ಆ ಚಿತ್ರದ ಪಕ್ಕದಲ್ಲಿ ಒಂದು ಪ್ರಶ್ನೆಯನ್ನೂ ಬರೆದಿಟ್ಟುಕೊಳ್ಳಲಿ: ಈ ಯಂತ್ರ ಎಲ್ಲರಿಗೂ ದೊರೆತರೆ ಇದರ ಬೆಲೆ ಏರುತ್ತದೆಯೋ ಇಳಿಯುತ್ತದೆಯೋ? ಇಳಿಯುವುದಾದರೆ, ಆ ಇಳಿದ ಭಾಗ ಎಂಜಿನಿಯರನ ಪ್ರತಿಭೆಯಲ್ಲ, ಬೇಲಿಯ ಬಾಡಿಗೆ.

ಮೌಲ್ಯದ ವಾದ ಬೇಕಿದ್ದರೆ ನಡೆಯಲಿ. ಅದಕ್ಕೆ ಮೊದಲು ವಿನಾಯಿತಿ ಹೋಗಲಿ. ಹತ್ತೇ ಕಾರು ತಯಾರಿಸುವವನಿಗೂ ಹತ್ತು ಲಕ್ಷ ತಯಾರಿಸುವವನಿಗೂ ಪ್ರತಿ ಕಿಲೋಮೀಟರಿನ ಹೊಗೆಗೆ ಒಂದೇ ಲೆಕ್ಕ ಅನ್ವಯಿಸಲಿ. ಮುಂದೆ ಯಾವುದೇ ಕಚೇರಿಯಲ್ಲಿ ಅಧಿಕಾರಿಯೊಬ್ಬರು ‘ನೀವು ಕೆಲವೇ ಜನ’ ಎಂದು ಅರ್ಜಿ ಹಿಂದಿರುಗಿಸಿದಾಗ, ಹಳ್ಳಿಯವರು ಈ 349, 799, 991ರ ಲೆಕ್ಕವನ್ನು ನೆನಪಿನಿಂದ ತೆಗೆದು ಮೇಜಿನ ಮೇಲಿಡಲಿ. ಕೆಲವರೇ ಆಗಿರುವುದು ಅಲ್ಲಿ ಹಕ್ಕಾಗುವುದಾದರೆ, ಇಲ್ಲಿ ಅಪರಾಧವಾಗಬೇಕಿಲ್ಲ.