ರಷ್ಯಾಕ್ಕ ಇನ್ನೊಂದು ಸಂತಿ ಸಿಕ್ತು, ನಮ್ಮ ಕೇರಿಗೆ?



ನಿನ್ನೆ ಸಾರವಾಡದಾಗ ಚಹಾ ಕುಡಕೋತ ಕುಂತಾಗ ರಷ್ಯಾದ ಎಣ್ಣೆಯ ಮಾತು ಬಂತು. "ಅಮೆರಿಕಾ, ಯುರೋಪ್ ಎಲ್ಲಾ ಸೇರಿ ಬಹಿಷ್ಕಾರ ಹಾಕಿದ್ರೂ ಅವರಿಗೇನೂ ಆಗ್ಲಿಲ್ಲ ನೋಡ್ರಿ" ಅಂದರು ಒಬ್ಬರು. ಬಹಿಷ್ಕಾರ ಅಂದ ಕೂಡಲೇ ನನಗೆ ನೆನಪಾದದ್ದು ಮಾಸ್ಕೋ ಅಲ್ಲ, ನಮ್ಮ ಆಯಿಯ ಊರು.

ನಾನು ಸಣ್ಣವನಿದ್ದಾಗ ಅಲ್ಲಿ ನಮ್ಮ ಹುಡುಗರು "ಹೋಟೆಲಿನಾಗ ನಮಗ ಬ್ಯಾರೆ ಕಪ್ಪು ಯಾಕ?" ಅಂತ ಕೇಳಿದರು. ಅಷ್ಟೇ. ಮರುದಿನದಿಂದ ಕಿರಾಣಿ ಬಂದ್, ಹಿಟ್ಟಿನ ಗಿರಣಿ ಬಂದ್, ಹೊಲದ ಕೂಲಿ ಬಂದ್. ಮನ್ಯಾಗ ಜೋಳ ಇತ್ತು, ಬೀಸಿಕೊಡೋರು ಇರಲಿಲ್ಲ. ಆಯಿ ಚೀಲ ಹೊತ್ತು ಬಸ್ ಹಿಡಿದು ಶಹರಕ್ಕ ಹೋಗಿ ಬೀಸಿಸಿಕೊಂಡು ಬರ್ತಿದ್ದಳು. ಬೀಸೋ ರೊಕ್ಕಕ್ಕಿಂತ ಬಸ್ ಚಾರ್ಜೇ ಹೆಚ್ಚು. ಗಂಡಸರು ಗೋವಾಕ್ಕ ದುಡಿಯಾಕ ಹೋದರು. ಇವರು ಊರಿಗೆ ತಿರುಗಿ ಹೋಗೋ ಹಂಗಿಲ್ಲ ಅಂತ ಮುಕಾದಮನಿಗೆ ಗೊತ್ತಿತ್ತು. ಕೊಟ್ಟಷ್ಟು ತಗೊಂಡರು.

ರಷ್ಯಾಕ್ಕೂ ಇದೇ ಬಿಸಿ ತಟ್ಟಿತು. 2022ರಲ್ಲಿ ಉಕ್ರೇನ್ ಮೇಲೆ ದಾಳಿ ಮಾಡಿದ ಮೇಲೆ ಯುರೋಪ್ ಬಾಗಿಲು ಹಾಕಿತು, ಎಣ್ಣೆ ಭಾರತ-ಚೀನಾದ ಕಡೆ ಹರಿಯಿತು. ಭಾರತ ತರಿಸುವ ಕಚ್ಚಾ ಎಣ್ಣೆಯಲ್ಲಿ ಶೇ. 2ಕ್ಕಿಂತ ಕಡಿಮೆ ಇದ್ದ ರಷ್ಯಾದ ಪಾಲು 2023ರ ಹೊತ್ತಿಗೆ ಮೂರನೇ ಒಂದು ಭಾಗ ದಾಟಿತು. ಆದರ ಮಾರಿದ್ದು ರಿಯಾಯಿತಿ ದರಕ್ಕ. ಬ್ಯಾರೆ ಗಿರಾಕಿ ಇಲ್ಲ ಅಂತ ಗೊತ್ತಾದರ ಕೊಳ್ಳೋನು ದರ ಇಳಿಸೇ ಇಳಿಸ್ತಾನ. ಭಾರತದ ಬ್ಯಾಂಕುಗಳಲ್ಲಿ ಕೋಟಿಗಟ್ಟಲೆ ರೂಪಾಯಿ ಬಿದ್ದದ, ಬಳಸಾಕ ಬರವಲ್ದು ಅಂತ ಅವರ ವಿದೇಶಾಂಗ ಮಂತ್ರಿ ಲಾವ್ರೋವ್ ಅವರೇ 2023ರ ಮೇನಲ್ಲಿ ಹೇಳಿದರು.

ಆದರೂ ರಷ್ಯಾ ತಡಕೊಂಡಿತು. ಯಾಕಂದ್ರ ಎಣ್ಣೆ ಅದರದೇ, ಬಂದರು ಅದರದೇ. ನಮ್ಮ ಕೇರಿಗೆ ಮಾರಾಕ ಇದ್ದದ್ದು ರಟ್ಟೆ ಒಂದೇ. ಡೋಣಿ ಸಾಲಿನ ಜೋಳ ನಾಡಿಗೇ ಹೆಸರುವಾಸಿ, ಖರೆ. ಆದರ ಆ ಎರಿ ಹೊಲದಾಗ ನಮ್ಮ ಹೆಸರಿನ ಉತಾರ ಎಷ್ಟು ಅದಾವ?

ಇದು ಹೊಸ ಮಾತಲ್ಲ. ನಮ್ಮ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿದ್ದಾಗ, 1928ರಲ್ಲಿ ಸರ್ಕಾರ ನೇಮಿಸಿದ ಸ್ಟಾರ್ಟ್ ಸಮಿತಿಯಲ್ಲಿ ಬಾಬಾಸಾಹೇಬರಿದ್ದರು. ದಲಿತರು ಹೊಟ್ಟೆಪಾಡಿಗೆ ಊರವರನ್ನೇ ನಂಬಿರೋದರಿಂದ ಬಹಿಷ್ಕಾರ ಅವರ ಮೇಲಿನ ಭಯಂಕರ ಆಯುಧ ಅಂತ ಆ ವರದಿ ಹೇಳಿತು. 2015ರ ತಿದ್ದುಪಡಿ ಆದಮೇಲೆ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಆರ್ಥಿಕ ಬಹಿಷ್ಕಾರ ಅಪರಾಧ. ಆದರೂ 2024ರಲ್ಲಿ ಯಾದಗಿರಿ ಜಿಲ್ಲೆಯ ಹುಣಸಗಿ ತಾಲೂಕಿನ ಊರೊಂದರಲ್ಲಿ ದಲಿತರಿಗೆ ಅಂಗಡಿ ಮುಚ್ಚಿದರು. ಮಕ್ಕಳಿಗೆ ಪೆನ್ನು, ನೋಟ್‌ಬುಕ್ ಸಹ ಸಿಗಲಿಲ್ಲ.

ಕೇಸ್ ಹಾಕಲೇಬೇಕು. ಆದರ ತೀರ್ಪು ಬರೋತನಕ ರೊಟ್ಟಿ ಬೇಕಲ್ಲ? 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆಯ ರೊಕ್ಕ ಬ್ಯಾರೆ ಬಾಬತ್ತಿಗೆ ತಿರುಗಿಸೋದು ನಿಲ್ಲಲಿ. ಆ ರೊಕ್ಕದಾಗ ಕೇರಿಗೆ ಭೂಮಿ ಬರಲಿ, ನಮ್ಮವರದೇ ಗಿರಣಿ, ನಮ್ಮವರದೇ ಕಿರಾಣಿ ಬರಲಿ. ಬಹಿಷ್ಕಾರ ಬಿದ್ದ ಮೇಲೆ ಸಂತಿ ಹುಡುಕಿದರ ದರ ಅವರು ಹೇಳಿದ್ದೇ ಆಗ್ತದ.

ನಿಮ್ಮ ಕೇರಿಯಾಗ ಗಿರಣಿ ಯಾರ ಕೈಯಾಗ ಐತಿ? ಕಮೆಂಟಿನಾಗ ಬರೀರಿ.

ಜೈ ಭೀಮ್.